ಗೋಡೆಯ ಗೂಡಿಗೊಂದು ಚಕ್ಕುಬಂದಿ

ನಲವತ್ತೆರಡು ವರ್ಷ ನಾನು ಮುರುಗೇಂದ್ರಪ್ಪಣ್ಣನ ಪಕ್ಕದ ಮನೆಯವಳಾಗಿದ್ದೆ. ಒಂದು ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ, ನನ್ನ ಅಂಗಡಿಯಲ್ಲೇ ಕೂತು, ನನ್ನ ಕೈಯಿಂದಲೇ ಟೈಪ್ ಮಾಡಿಸಿ, ಅವರು ನನ್ನನ್ನು ಬರೀ ‘ಅಡ್ಜಸೆಂಟ್’ ಮಾಡಿಬಿಟ್ಟರು.

ನಾನು ಶೈಲಜಾ. ಚಳ್ಳಕೆರೆಯಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಹುಟ್ಟಿದ ಮನೆಯಲ್ಲೇ ಇದ್ದೇನೆ. ಮದುವೆಯಾದ ಮೇಲೆ ಗಂಡನೇ ಪೆಟ್ಟಿಗೆ ಹೊತ್ತುಕೊಂಡು ಇಲ್ಲಿಗೆ ಬಂದರು. ಊರಿನ ಅರ್ಧ ಜನರ ಅರ್ಜಿಗಳು ನನ್ನ ಬೆರಳ ಕೆಳಗೇ ಹಾದುಹೋಗಿವೆ. ಆ ಅನುಭವದಿಂದ ಹೇಳುತ್ತೇನೆ: ಇಂಗ್ಲಿಷ್ ಪೂರ್ತಿ ಬಂದವರಿಂದ ಯಾರಿಗೂ ತೊಂದರೆಯಿಲ್ಲ, ಬರದೇ ಇರುವವರಿಂದಲೂ ಇಲ್ಲ. ನಾಲ್ಕೇ ಪದ ಬಂದವರಿಂದ ಓಣಿಗೆ ಓಣಿಯೇ ಎದ್ದು ಕೂರುತ್ತದೆ.

ಮುರುಗೇಂದ್ರಪ್ಪಣ್ಣನದು ಶೇಂಗಾ ಹಿಂಡಿಯ ವ್ಯಾಪಾರ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದೆಲ್ಲ ಪಾಸು. ಆ ಅವಮಾನ ತಡೆಯಲಾರದೆ, ಮನೆಯಲ್ಲಿದ್ದ ಒಂದೇ ಒಂದು ಇಂಗ್ಲಿಷ್ ಬರಹವನ್ನು ಹಗಲೆಲ್ಲ ಓದಿ ಬಾಯಿಪಾಠ ಮಾಡಿದರು. ಅದು ಅವರ ಅಪ್ಪ ಮನೆ ಕೊಂಡಾಗ ಯಾರೋ ವಕೀಲರು ಬರೆದುಕೊಟ್ಟ ಕ್ರಯಪತ್ರ. ಅದರಲ್ಲಿ ‘ಹೌ ಆರ್ ಯೂ’ ಇರಲಿಲ್ಲ. ಅಡ್ಜಸೆಂಟ್, ಅಡ್ಜಾಯಿನಿಂಗ್, ಅಬಟಿಂಗ್, ಕಂಟಿಗ್ಯುಯಸ್ ಇದ್ದವು. ಹೀಗಾಗಿ ಯಾರಾದರೂ ಇಂಗ್ಲಿಷಿನಲ್ಲಿ ಯೋಗಕ್ಷೇಮ ಕೇಳಿದರೆ ಅಣ್ಣ ತಬ್ಬಿಬ್ಬಾಗುತ್ತಾರೆ. ಯಾವುದರ ಪಕ್ಕ ಯಾವುದಿದೆ ಅಂತ ಕೇಳಿದರೆ ಮಾತ್ರ ಅವರನ್ನು ಹಿಡಿಯುವವರಿಲ್ಲ.

ಮದುವೆ ಊಟದಲ್ಲಿ, “ಪಲ್ಯಕ್ಕೆ ಅಡ್ಜಾಯಿನಿಂಗ್ ಆಗಿ ಕೋಸಂಬರಿ ಹಾಕಪ್ಪ, ಪಾಯಸ ಅಬಟಿಂಗ್ ಆಗಬಾರ್ದು ನೋಡು” ಅನ್ನುತ್ತಾರೆ. ಡಾಕ್ಟರು ನೋವೆಲ್ಲಿ ಅಂತ ಕೇಳಿದರೆ, “ಹೊಕ್ಕುಳಿಗೆ ಅಡ್ಜಸೆಂಟ್ ಸಾರ್” ಅನ್ನುತ್ತಾರೆ. ಒಮ್ಮೆ ವರವು ಕಾವಲಿನ ಹುಲ್ಲುಗಾವಲಿಗೆ ಸರ್ಕಾರ ಹಾಕಿಸಿದ ಉದ್ದದ ಬೇಲಿಯನ್ನು ಬಸ್ಸಿನ ಕಿಟಕಿಯಿಂದ ನೋಡಿ, “ಇಲ್ಲಿ ನಮ್ಮ ನಾಲ್ಕರಾಗೆ ಒಂದೂ ನಡೆಯಲ್ಲ ಕಣಮ್ಮ, ಇದು ಬರೀ ನೋ ಎಂಟ್ರಿ” ಅಂತ ನಿಟ್ಟುಸಿರು ಬಿಟ್ಟಿದ್ದರು. ನಾವೆಲ್ಲ ನಗುತ್ತಿದ್ದೆವು. ಆದರೆ ಒಳಗೊಳಗೇ ಒಂದು ಮೆಚ್ಚುಗೆ ಇತ್ತು. ನಾಲ್ಕು ಪದಗಳನ್ನು ಇಷ್ಟು ಜೋಪಾನವಾಗಿ, ಒಂದೂ ಸವೆಯದಂತೆ ನಲವತ್ತು ವರ್ಷ ಬಳಸಿದ ಇನ್ನೊಬ್ಬರನ್ನು ನಾನಂತೂ ನೋಡಿಲ್ಲ.

ಈಗ ಅವರ ಮನೆಯ ಗೂಡಿನ ವಿಷಯ ಹೇಳಬೇಕು, ಯಾಕೆಂದರೆ ಮುಂದಿನ ರಾಮಾಯಣವೆಲ್ಲ ಅದರದ್ದೇ. ಅಣ್ಣನ ಮನೆಗೂ ದಕ್ಷಿಣಕ್ಕಿರುವ ಅಬ್ದುಲ್ ರಹೀಮ್ ಅವರ ಮನೆಗೂ ನಡುವೆ ಒಂದೇ ಗೋಡೆ. ಕರೆಂಟು ಇಲ್ಲದ ಕಾಲದಲ್ಲಿ ಇಬ್ಬರ ಹಿರಿಯರೂ ಸೇರಿ ಕಟ್ಟಿಸಿದ್ದು. ಎರಡು ದೀಪ ಯಾಕೆ ದಂಡ ಅಂತ ಗೋಡೆಯ ಮಧ್ಯೆ ಆರಪಾರ ಒಂದು ದೀಪದ ಗೂಡು ಬಿಟ್ಟಿದ್ದರು. ಒಂದು ದಿನ ಈ ಮನೆಯ ಎಣ್ಣೆ, ಒಂದು ದಿನ ಆ ಮನೆಯ ಎಣ್ಣೆ, ಬೆಳಕು ಇಬ್ಬರಿಗೂ. ಕರೆಂಟು ಬಂದ ಮೇಲೆ ದೀಪ ಹೋಯಿತು, ಗೂಡು ಉಳಿಯಿತು. ಸಜ್ಜೆ ರೊಟ್ಟಿಯೊಂದು ಮಡಚದೆ ಹೋಗುವಷ್ಟು ಅಗಲ. ಈ ಕಡೆ ಅಣ್ಣನ ಅವ್ವ ತಿಪ್ಪೇರುದ್ರಮ್ಮ, ಆ ಕಡೆ ರಹೀಮಣ್ಣನ ತಾಯಿ ಮದರ್ ಬೀ. ಒಬ್ಬರಿಗೆ ಮಂಡಿ ಹೋಗಿದೆ, ಇನ್ನೊಬ್ಬರಿಗೆ ಕಣ್ಣು. ಇಬ್ಬರೂ ಹೊಸ್ತಿಲು ದಾಟಿ ಮೂರು ವರ್ಷವಾಯಿತು. ಬೆಳಗಿನಿಂದ ಸಂಜೆವರೆಗೆ ಗೂಡಿನ ಈಚೆಗೊಬ್ಬರು ಆಚೆಗೊಬ್ಬರು ಗೋಡೆಗೆ ಒರಗಿ ಕೂತು ಮಾತಾಡುತ್ತಾರೆ. ರೊಟ್ಟಿ ಆಚೆ ಹೋಗುತ್ತದೆ, ಎಲೆ ಅಡಿಕೆ ಈಚೆ ಬರುತ್ತದೆ. ಇಬ್ಬರ ಊರು, ಕೇರಿ, ಪ್ರಪಂಚ ಎಲ್ಲ ಆ ಗೂಡೇ.

ಮಂಗಳವಾರಕ್ಕೆ ಬರೋಣ. ಇ-ಖಾತೆ ಮಾಡಿಸಿಕೊಳ್ಳಿ ಅಂತ ಆಟೋದಲ್ಲಿ ಮೈಕ್ ಕೂಗಿ ಹೋಗಿತ್ತು. ಅರ್ಜಿಯಲ್ಲಿ ಮನೆಯ ಚಕ್ಕುಬಂದಿ ಬರೆಯಬೇಕು, ಅಂದರೆ ನಾಲ್ಕು ದಿಕ್ಕಿಗೆ ಯಾರಿದ್ದಾರೆ, ಏನಿದೆ ಅನ್ನುವ ವಿವರ. ಓಣಿಯವರೆಲ್ಲ ಬಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಸಿಕೊಂಡು ಹೋದರು. ಅಣ್ಣ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಕುರ್ಚಿ ಎಳೆದುಕೊಂಡು ಕೂತರು.

“ಕನ್ನಡದ್ದು ಹಂಗೇ ಇರ್ಲಿ ಶೈಲಮ್ಮ. ಜೊತೆಗೆ ಇಂಗ್ಲಿಷ್‌ನಾಗೆ ಒಂದು ಹಾಳೆ ಲಗತ್ತಿಸೋಣ.”

“ಅವರು ಕೇಳಿಲ್ಲವಲ್ಲಣ್ಣ.”

“ಕೇಳಿದ್ಮೇಲೆ ಕೊಟ್ರೆ ಅದ್ರಾಗೇನೈತೆ ದೊಡ್ಡಸ್ತಿಕೆ? ಬರ್ಕೋ. ಪೂರ್ವಕ್ಕೆ ಓಣಿ, ಅಬಟಿಂಗ್. ಉತ್ತರಕ್ಕೆ ಗಿರಣಿ ಚಂದ್ರಣ್ಣ, ಅಡ್ಜಾಯಿನಿಂಗ್. ದಕ್ಷಿಣಕ್ಕೆ ಅಬ್ದುಲ್ ರಹೀಮ್, ಕಂಟಿಗ್ಯುಯಸ್. ಪಶ್ಚಿಮಕ್ಕೆ ಶೈಲಜಾ…” ಅಂತ ಸ್ವಲ್ಪ ತಡೆದು, “ಅಡ್ಜಸೆಂಟ್” ಅಂದರು.

“ಅಂದರೆ ಏನಣ್ಣ?”

“ಅಬಟಿಂಗ್ ಅಂದ್ರೆ ಬಂದು ಅಂಚಿಗೆ ಮುಟ್ಟುತ್ತೆ. ಅಡ್ಜಸೆಂಟ್ ಅಂದ್ರೆ ಕೂಗಿದ್ರೆ ಕೇಳ್ಸುತ್ತೆ. ಅಡ್ಜಾಯಿನಿಂಗ್ ಅಂದ್ರೆ ಮೈ ತಾಗುತ್ತೆ. ಕಂಟಿಗ್ಯುಯಸ್ ಅಂದ್ರೆ ಒಂದೇ ಗೋಡೆ. ಆ ಕಡೆ ಸೀನಿದ್ರೆ ಈ ಕಡೆ ನೂರು ವರ್ಷ ಬಾಳು ಅಂತೀವಲ್ಲ, ಅದು.”

ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಮನೆಗೂ ನಮ್ಮ ಮನೆಗೂ ನಡುವೆ ಮಳೆನೀರು ಹೋಗಲು ಒಂದು ಮೊಳದ ಸಂದಿ ಇರುವುದು ನಿಜ. ಹಾಗಂತ ನಾನು ಬರೀ ಕೂಗಿದರೆ ಕೇಳಿಸುವವಳೇ? ಇವರ ಮನೆಯ ಎಷ್ಟು ಹಬ್ಬಕ್ಕೆ ನಾನು ಹೋಳಿಗೆ ತಟ್ಟಿಲ್ಲ! ಇಪ್ಪತ್ತು ವರ್ಷ ಅರ್ಜಿ ಟೈಪ್ ಮಾಡಿಲ್ಲ! ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದೆ. ಅಂಗಡಿ ಮುಚ್ಚಿದ ಮೇಲೆ ಮಾತ್ರ ಬಾಯಿ ತೆರೆದೆ. ಅದೂ ಗಿರಣಿ ಚಂದ್ರಣ್ಣನ ಮುಂದೆ.

ಚಂದ್ರಣ್ಣನ ಹಿಟ್ಟಿನ ಗಿರಣಿ ಅಂದರೆ ನಮ್ಮ ಓಣಿಯ ರೇಡಿಯೊ. ಆತ ಮೊದಲು ಸಂತೋಷಪಟ್ಟ. “ನಾನು ಅಡ್ಜಾಯಿನಿಂಗಾ? ಪರವಾಗಿಲ್ವೆ!” ಅಂದ. ಆಮೇಲೆ ರಹೀಮಣ್ಣ ಕಂಟಿಗ್ಯುಯಸ್ ಅಂತ ತಿಳಿದದ್ದೇ ತಡ, ಗಿರಣಿ ಬಂದ್ ಮಾಡಿ ಎದ್ದು ನಿಂತ.

“ಅವರವ್ವ ಜಾರಿ ಬಿದ್ದಾಗ ದವಾಖಾನೆಗೆ ಎತ್ಕೊಂಡು ಹೋದೋನು ಯಾರು? ನಾನು. ಅವರ ಸಜ್ಜೆ ಬೀಸಿಕೊಡೋನು ಯಾರು? ನಾನು. ಕಂಟಿಗ್ಯುಯಸ್ ಮಾತ್ರ ರಹೀಮಣ್ಣನಾ? ಎಲ್ಲೈತ್ರೀ ನ್ಯಾಯ?”

ಮರುದಿನದಿಂದ ಚಂದ್ರಣ್ಣ ಅಣ್ಣನ ಮನೆಯ ಸಜ್ಜೆಯನ್ನು ಎಲ್ಲರದ್ದೂ ಆದ ಮೇಲೆ ಕಡೆಯಲ್ಲಿ ಬೀಸತೊಡಗಿದ. ನಾನು ಹಾಲು ಹಾಕಿಸಿಕೊಳ್ಳುವಾಗ ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಮೋಟರ್ ರಿವೈಂಡಿಂಗ್ ಮಾಡುವ ಪಾಪದ ರಹೀಮಣ್ಣನಿಗೆ ತನ್ನ ಪದವಿಯ ವಿಷಯವೇ ಗೊತ್ತಿರಲಿಲ್ಲ. “ಅರೆ, ಎಲ್ಲರೂ ನನ್ನ ಮುಖ ಯಾಕೆ ಹಂಗೆ ನೋಡ್ತಾರೆ?” ಅಂತ ಕನ್ನಡಿ ನೋಡಿಕೊಳ್ಳುತ್ತಿದ್ದರಂತೆ.

ಗಿರಣಿಯ ಸುದ್ದಿ ಹಿಟ್ಟಿನಷ್ಟೇ ಹಗುರ, ಹಾರಿಕೊಂಡು ಹೋಗುತ್ತದೆ. ಅದು ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ‘ಮುರುಗೇಂದ್ರಪ್ಪ ಇಂಗ್ಲಿಷಿನಲ್ಲಿ ಕಾಗದ ಮಾಡಿಸಿ ಅರ್ಧ ಮನೆ ರಹೀಮನಿಗೆ ಬರೆದುಕೊಟ್ಟನಂತೆ’ ಅಂತಾಗಿತ್ತು. ಅಣ್ಣನ ಹೆಂಡತಿ ಶಿವರಂಜನಿಯ ತಮ್ಮ ಸಿದ್ದಲಿಂಗೇಶ್ ಅಲ್ಲಿ ರೇಷ್ಮೆ ಸೀರೆ ವ್ಯಾಪಾರಿ. ಆಂಧ್ರದ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಅವನಿಗೆ ಸಿಟ್ಟು ತೆಲುಗಿನಲ್ಲೇ ಬರುತ್ತದೆ. ಬಿಚ್ಚಿದ ಸೀರೆಯನ್ನು ಗಿರಾಕಿಯ ಕೈಯಲ್ಲೇ ಬಿಟ್ಟು ಬಸ್ಸು ಹತ್ತಿ ಬಂದ.

“ಏಮಿ ಬಾವಾ ಇದಿ? ನಮ್ಮಕ್ಕನ ಬಾಯಿಗೆ ಮಣ್ಣು ಹಾಕ್ತೀಯಾ?”

“ಏನಾಯ್ತಪ್ಪ ಸಿದ್ದಲಿಂಗೇಶಾ? ಕೂತ್ಕೋ, ಮಜ್ಜಿಗೆ ಕುಡಿ.”

“ಮಜ್ಜಿಗೆ ವದ್ದು! ನಾನು ನಿನ್ನ ಹೆಂಡ್ತಿ ಖಾಸಾ ತಮ್ಮ. ನಿನ್ನ ಲೆಕ್ಕದಾಗೆ ನಾನು ಏನು ಹೇಳು. ರಹೀಮಣ್ಣ ಕಂಟಿಗ್ಯುಯಸ್ ಆದ್ರೆ ನಾನೇನು?”

ಅಣ್ಣ ಕಣ್ಣು ಮುಚ್ಚಿ ಯೋಚಿಸಿದರು. ಅವರಿಗೆ ಸಂಬಂಧದ ಲೆಕ್ಕ ಬರುವುದಿಲ್ಲ, ಗಡಿಯ ಲೆಕ್ಕ ಬರುತ್ತದೆ. “ನಮ್ಮದು ಚಳ್ಳಕೆರೆ ತಾಲ್ಲೂಕು, ನಿಮ್ಮದು ಮೊಳಕಾಲ್ಮೂರು ತಾಲ್ಲೂಕು. ಗಡಿಗೆ ಗಡಿ ತಾಗುತ್ತೆ. ನೀನು ಅಡ್ಜಾಯಿನಿಂಗ್” ಅಂದರು.

ಸಿದ್ದಲಿಂಗೇಶನ ಮುಖ ಸ್ವಲ್ಪ ತಿಳಿಯಾಯಿತು. ಅಷ್ಟರಲ್ಲಿ ಬಾಗಿಲ ಮರೆಯಲ್ಲಿ ನಿಂತಿದ್ದ ಚಂದ್ರಣ್ಣ ಒಳಗೆ ನುಗ್ಗಿದ. “ಅಂದ್ರೆ? ಪಕ್ಕದಾಗಿರೋ ನಾನೂ, ಬಸ್ಸಿನಾಗೆ ಬರೋ ಇವನೂ ಒಂದೇನಾ?”

ಆವತ್ತು ಮಜ್ಜಿಗೆಯ ಲೋಟ ಇಬ್ಬರೂ ಮುಟ್ಟಲಿಲ್ಲ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಅಡ್ಜಸೆಂಟ್ ಅಂದಮೇಲೆ ಕೇಳಿಸಿಕೊಳ್ಳುವ ಹಕ್ಕಾದರೂ ಇರಬೇಕಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಗುವ ಕಥೆ. ಆದರೆ ಆ ಇಂಗ್ಲಿಷ್ ಹಾಳೆ ಕಚೇರಿಯಲ್ಲಿ ದೊಡ್ಡೀರಪ್ಪನವರ ಮೇಜಿಗೆ ಹೋಯಿತು. ದೊಡ್ಡೀರಪ್ಪನವರು ನನ್ನಿವಾಳದವರು, ಅಳತೆಗೆ ಬರುವ ಅಧಿಕಾರಿ. ಕಡು ಪ್ರಾಮಾಣಿಕ. ಯಾರ ಮನೆಯಲ್ಲೂ ಒಂದು ಲೋಟ ಚಹಾ ಕುಡಿದವರಲ್ಲ. ಬಾಯಾರಿದರೆ ಚೀಲದಿಂದ ಬಾಟಲಿ ತೆಗೆಯುತ್ತಾರೆ. ಸರದಿಯಲ್ಲಿದ್ದ ರಹೀಮಣ್ಣನದೊಂದನ್ನು ಬಿಟ್ಟು ಓಣಿಯ ಉಳಿದ ಅರ್ಜಿಗಳೆಲ್ಲ ಸಲೀಸಾಗಿ ಪಾಸಾದವು. ಇಂಗ್ಲಿಷ್ ಹಾಳೆ ಕಂಡದ್ದೇ ಅವರು ಕನ್ನಡಕ ಒರೆಸಿ ಪೂರ್ತಿ ಓದಿದರು, ಆಮೇಲೆ ಟೇಪು ಹಿಡಿದು ಸ್ಥಳಕ್ಕೇ ಬಂದರು.

ಅಳೆದರು. ಸಂದಿ ಅಳೆದರು. ಚಂದ್ರಣ್ಣನ ಗೋಡೆಗೂ ಅಣ್ಣನ ಗೋಡೆಗೂ ನಡುವೆ ಕಾಗದ ತೂರಿಸಿ ನೋಡಿದರು. “ಅಡ್ಜಸೆಂಟ್ ಸರಿ. ಅಡ್ಜಾಯಿನಿಂಗ್ ಸರಿ. ಅಬಟಿಂಗ್ ಸರಿ. ಇಪ್ಪತ್ತಾರು ವರ್ಷದ ಸರ್ವಿಸ್‌ನಾಗೆ ಈ ಮೂರನ್ನೂ ತಪ್ಪಿಲ್ಲದೆ ಬರೆದ ಅರ್ಜಿ ಇದೇ ಮೊದಲ್ನೇದು ಕಣ್ರೀ” ಅಂದರು.

ಅಣ್ಣನ ಎದೆ ಉಬ್ಬಿತು. ಹಾಗಾದರೆ ಅಣ್ಣ ಯಾರನ್ನೂ ಮೇಲೆ ಕೆಳಗೆ ಮಾಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಪದವಿ ಹಂಚಿಕೊಂಡು ಬಡಿದಾಡಿದವರು ನಾವು.

ಆಮೇಲೆ ದೊಡ್ಡೀರಪ್ಪನವರು ದಕ್ಷಿಣದ ಗೋಡೆಗೆ ಬಂದರು. ಗೂಡಿನ ಆಚೆಯಿಂದ ಮದರ್ ಬೀ ಅವರ ಕನ್ನಡಕ ಮಿಂಚಿತು.

“ಇದೇನ್ರಿ ತೂತು?”

“ಗೂಡು ಸಾರ್, ದೀಪದ ಗೂಡು.”

“ದೀಪ ಎಲ್ಲೈತೆ? ಆರಪಾರ ತೆರೆದಿರೋದನ್ನ ಗೋಡೆ ಅಂತ ಹೆಂಗೆ ಬರೀಲಿ? ಈ ಜಾಗ ನಿಮ್ಮದೋ ಅವರದೋ? ಗಡಿ ಎಲ್ಲಿ ಶುರುವಾಗಿ ಎಲ್ಲಿ ಮುಗೀತು? ಇದನ್ನ ಇಟ್ಟಿಗೆ ಇಟ್ಟು ಮುಚ್ಚಿ, ಫೋಟೋ ಕಳಿಸಿ. ಎರಡೂ ಮನೆಗೆ ಖಾತೆ ಆಗುತ್ತೆ. ಇಲ್ಲಾಂದ್ರೆ ಎರಡೂ ನಿಲ್ಲುತ್ತೆ.”

ಹದಿನೈದು ದಿನ ಗಡುವು ಕೊಟ್ಟು, ತಮ್ಮ ಬಾಟಲಿಯ ನೀರು ಕುಡಿದು ಹೊರಟರು. ಗೋಡೆಗೆ ಒರಗಿ ಕೂತಿದ್ದ ಅವ್ವ, “ಬೀಬಿ, ಅದ್ಯಾರೇ ಬಂದಿದ್ದು?” ಅಂದರು.

“ಗೋಡೆ ಡಾಕ್ಟರ್ ಅಂತೆ ತಿಪ್ಪಕ್ಕ. ನಮ್ಮ ಗೂಡಿಗೆ ಹುಷಾರಿಲ್ಲ ಅಂತಾನೆ” ಅಂತ ಆಚೆಯಿಂದ ಮದರ್ ಬೀ ಹೇಳಿದರು.

ಚಂದ್ರಣ್ಣ ಉಪಾಯ ಹೇಳಿದ: ಸುಮ್ಮನೆ ಇಟ್ಟಿಗೆ ಜೋಡಿಸಿ ಫೋಟೋ ತೆಗೆದು, ಆಮೇಲೆ ತೆಗೆದುಬಿಡುವುದು. ರಹೀಮಣ್ಣ ಒಪ್ಪಿದರು. ಸಿದ್ದಲಿಂಗೇಶ್ ಅಂತೂ ಇಟ್ಟಿಗೆಯನ್ನೇ ಹೊತ್ತು ತಂದ. ಅವ್ವ ಮಧ್ಯಾಹ್ನ ಕಣ್ಣು ಮುಚ್ಚಿದ್ದಾಗ ಒಂಬತ್ತು ಇಟ್ಟಿಗೆ ಜೋಡಿಸಿಯೂ ಆಯಿತು. ನಾನು ಮೊಬೈಲ್ ತರಲು ಅಂಗಡಿಗೆ ಹೋದೆ. ಬರುವಷ್ಟರಲ್ಲಿ ಅವ್ವನಿಗೆ ಎಚ್ಚರವಾಗಿತ್ತು.

“ಬೀಬಿ?” ಅಂದರಂತೆ. ಉತ್ತರವಿಲ್ಲ. “ಬೀಬಿ!” ಆಚೆ ಮದರ್ ಬೀ, “ತಿಪ್ಪಕ್ಕಾ!” ಅಂತ ಕೂಗುತ್ತಿದ್ದಾರೆ, ಈಚೆ ಕೇಳಿಸುತ್ತಿಲ್ಲ. ಅವ್ವ ಗೂಡಿನ ಕಡೆ ಕೈಯಾಡಿಸಿದರು, ಇಟ್ಟಿಗೆ ಸಿಕ್ಕಿತು. ಊರುಗೋಲು ತಿರುಗಿಸಿ ಹಿಡಿದು ಒಂದೇ ಒಂದು ತಿವಿತ. ಒಂಬತ್ತೂ ಇಟ್ಟಿಗೆ ಆಚೆ ಬಿದ್ದು, ಸಬೀನಾ ನಾದಿಟ್ಟಿದ್ದ ಹಿಟ್ಟಿನ ಪರಾತದ ಮೇಲೆ ಕೂತವು. ಸಬೀನಾ ಅಂದರೆ ರಹೀಮಣ್ಣನ ಹೆಂಡತಿ. ಆಕೆಯ ಕೂಗು ಗಿರಣಿಯವರೆಗೆ ಕೇಳಿಸಿತು.

“ಯಾವನ್ಲೇ ಅವ್ನು ಇಟ್ಟಿಗೆ ಇಟ್ಟೋನು?” ಅಂತ ಅವ್ವ ಅಬ್ಬರಿಸಿದರು. “ನಾನು ಸತ್ತ ಮೇಲೆ ಇಡ್ರಿ. ಅಲ್ಲೀತಂಕ ಬೀಬಿ ಅಲ್ಲಿರಬೇಕು, ನಾನು ಇಲ್ಲಿರಬೇಕು.”

ನಾನು ಮೊಬೈಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ನಾಚಿಕೆಯಾಯಿತು. ನನ್ನ ನಾಲಿಗೆ, ಚಂದ್ರಣ್ಣನ ಗಿರಣಿ, ಸಿದ್ದಲಿಂಗೇಶನ ತೆಲುಗು, ಎಲ್ಲ ಸೇರಿ ಒಂದು ತಿಂಗಳು ಯಾರು ಹತ್ತಿರ ಯಾರು ದೂರ ಅಂತ ಜಗಳವಾಡಿದ್ದೆವು. ಹತ್ತಿರ ಅಂದರೆ ಏನು ಅಂತ ಅವ್ವನೇ ಊರುಗೋಲಿನಲ್ಲಿ ತಿವಿದು ಹೇಳಬೇಕಾಯಿತು.

ಅಣ್ಣ ಆವತ್ತು ಉಣ್ಣಲಿಲ್ಲ. “ನನ್ನ ಇಂಗ್ಲಿಷೇ ಅವ್ವನ ಗೂಡಿಗೆ ಮುಳುವಾಯ್ತಲ್ಲ ಶೈಲಮ್ಮ” ಅಂದರು. “ಸುಳ್ಳು ಫೋಟೋ ಬೇಡ. ಕಾಗದದಾಗೆ ಒಂದು, ಗೋಡೆಯಾಗೆ ಒಂದು, ಅದು ನಮ್ಮಪ್ಪನ ಪದ್ಧತಿ ಅಲ್ಲ.” ಮೂರು ದಿನ ನನ್ನ ಅಂಗಡಿಯಲ್ಲೇ ಹಳೆಯ ಕ್ರಯಪತ್ರ ತೊಡೆಯ ಮೇಲಿಟ್ಟುಕೊಂಡು ಕೂತರು. ನಾಲ್ಕು ಪದಗಳನ್ನೂ ಮತ್ತೆ ಮತ್ತೆ ಓದಿದರು. ನಾಲ್ಕನೇ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡರು.

“ದೊಡ್ಡೀರಪ್ಪನವ್ರು ಕೇಳಿದ್ದೇನು? ಗಡಿ ಎಲ್ಲೈತೆ ಅಂತ ತಾನೇ? ಮನೆಗೆ ಚಕ್ಕುಬಂದಿ ಐತೆ, ಹೊಲಕ್ಕೆ ಐತೆ. ಗೂಡಿಗೆ ಯಾಕಿರಬಾರ್ದು? ಟೈಪ್ ಮಾಡು!”

ನಾನು ಟೈಪ್ ಮಾಡಿದೆ. ದೇವರಾಣೆ, ನನ್ನ ಅಂಗಡಿಯಲ್ಲಿ ಅಂಥ ಕಾಗದ ಹಿಂದೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ.

‘ಗೂಡಿನ ಚಕ್ಕುಬಂದಿ. ಪೂರ್ವಕ್ಕೆ: ಇಬ್ಬರಿಗೂ ಸೇರಿದ ಗೋಡೆ. ಪಶ್ಚಿಮಕ್ಕೆ: ಸದರಿ ಗೋಡೆಯೇ. ಉತ್ತರಕ್ಕೆ: ತಿಪ್ಪೇರುದ್ರಮ್ಮ. ದಕ್ಷಿಣಕ್ಕೆ: ಮದರ್ ಬೀ. ಸದರಿ ಗೂಡು ಒಬ್ಬರದಲ್ಲ, ಇಬ್ಬರದೂ ಹೌದು. ಎಣ್ಣೆ ದಿನ ಬಿಟ್ಟು ದಿನ.’

ಕೆಳಗೆ ಒಂದು ಕಡೆ ಅಣ್ಣ, ಇನ್ನೊಂದು ಕಡೆ ರಹೀಮಣ್ಣ ಸಹಿ ಹಾಕಿದರು. ಸಾಕ್ಷಿಗಳು ಬೇಕಲ್ಲ ಅಂದಾಗ ಚಂದ್ರಣ್ಣ ಕೈಯ ಹಿಟ್ಟು ಒರೆಸಿಕೊಂಡು ಮುಂದೆ ಬಂದ. ಎರಡನೆಯ ಸಾಕ್ಷಿ ನಾನು. ಟೈಪಿಂಗ್ ದುಡ್ಡು ತೆಗೆದುಕೊಳ್ಳಲಿಲ್ಲ; ಅಷ್ಟು ಮಾನ ನನಗೂ ಇದೆ.

ಕಾಗದ ಓದಿದ ದೊಡ್ಡೀರಪ್ಪನವರು ಟೇಪು ಹಿಡಿದು ಮತ್ತೆ ಬಂದರು. ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ಗೂಡಿನಲ್ಲಿ ಹಣತೆ ಉರಿಯುತ್ತಿತ್ತು. ಆವತ್ತು ರಹೀಮಣ್ಣನ ಮನೆಯ ಎಣ್ಣೆಯ ದಿನ. ಈ ಕಡೆಯಿಂದ ಒಂದು ಫೋಟೋ ತೆಗೆದರು. ಆ ಕಡೆಯದ್ದೂ ಬೇಕು ಅಂತ ರಹೀಮಣ್ಣನ ಮನೆಗೆ ಹೋದರು. ನಾವೆಲ್ಲ ಹಿಂದೆಯೇ ಹೋದೆವು. ಫೋಟೋಗೆ ಅಡ್ಡವಾಗಬಾರದು ಅಂತ ಮದರ್ ಬೀ ಅವರನ್ನು ಸಬೀನಾ ಪಕ್ಕಕ್ಕೆ ಕರೆದುಕೊಂಡಳು. ದೊಡ್ಡೀರಪ್ಪನವರು ಬಗ್ಗಿ ಮೊಬೈಲ್ ಹಿಡಿದರು.

ಅಷ್ಟರಲ್ಲಿ ಹಣತೆಯ ಪಕ್ಕದಿಂದ ಒಂದು ಸುಕ್ಕುಗಟ್ಟಿದ ಕೈ ಆಚೆ ಬಂತು. ಕೈಯಲ್ಲಿ ಸಜ್ಜೆ ರೊಟ್ಟಿ, ಮೇಲೆ ಶೇಂಗಾ ಚಟ್ನಿ.

“ತಗಳೇ ಬೀಬಿ, ಬಿಸಿ ಐತೆ. ಆ ಗೋಡೆ ಡಾಕ್ಟ್ರು ಆ ಕಡೆ ಬರೋದ್ರೊಳಗೆ ತಿನ್ನು.”

ಇಪ್ಪತ್ತಾರು ವರ್ಷ ಚಹಾ ಮುಟ್ಟದ ಮನುಷ್ಯ! ಅಣ್ಣ ಹಣೆ ಒರೆಸಿಕೊಂಡರು. ದೊಡ್ಡೀರಪ್ಪನವರು ರೊಟ್ಟಿಯನ್ನು ನೋಡಿದರು, ಕೈಯನ್ನು ನೋಡಿದರು. ಕೈ ಹಿಂದಕ್ಕೆ ಹೋಗಲಿಲ್ಲ. ಅವರು ಮೊಬೈಲ್ ಜೇಬಿಗಿಟ್ಟು ಎರಡೂ ಕೈಯಲ್ಲಿ ರೊಟ್ಟಿ ತೆಗೆದುಕೊಂಡರು.

“ಈ ರೊಟ್ಟಿ ಗೂಡಿನಾಗೆ ಸಿಕ್ಕಿದ್ದು” ಅಂತ ನಮ್ಮೆಲ್ಲರ ಕಡೆ ತಿರುಗಿ ಗಂಭೀರವಾಗಿ ಹೇಳಿದರು. “ಗೂಡು ಒಬ್ಬರದಲ್ಲ ಅಂತ ನಿಮ್ಮ ಕಾಗದವೇ ಹೇಳುತ್ತೆ. ಹಂಗಾಗಿ ಯಾರಿಂದಲೂ ನಾನು ಏನೂ ಇಸ್ಕೊಂಡಿಲ್ಲ.”

ನಿಂತೇ ಪೂರ್ತಿ ತಿಂದರು. ಚಟ್ನಿ ಖಾರಕ್ಕೆ ಮೂಗಿನಲ್ಲಿ ನೀರು ಬಂತು, ಕಣ್ಣಿನಲ್ಲೂ ಬಂತು. ಖಾರ ಅಂತಲೇ ನಾವು ಅಂದುಕೊಂಡೆವು. ಕೈ ತೊಳೆದು ಪುಸ್ತಕದಲ್ಲಿ ಬರೆದರು: ‘ಎರಡು ಮನೆ, ಒಂದು ಗೋಡೆ. ಗೋಡೆಯಲ್ಲಿ ದೀಪದ ಗೂಡು ಇದ್ದು, ಚಾಲ್ತಿಯಲ್ಲಿರುತ್ತದೆ.’ ಎರಡೂ ಮನೆಯ ಖಾತೆ ಮುಂದಿನ ವಾರವೇ ಬಂತು.

ಓಣಿಯವರೆಲ್ಲ ಅಣ್ಣನಿಗೆ ಹಾರ ಹಾಕುವುದೊಂದು ಬಾಕಿ. ಸಿದ್ದಲಿಂಗೇಶ್ ಮೊಳಕಾಲ್ಮೂರಿನಲ್ಲಿ ಗಿರಾಕಿಗಳಿಗೆಲ್ಲ, “ಮಾ ಬಾವ ತೂತಿಗೂ ಖಾತೆ ಮಾಡಿಸ್ದ” ಅಂತ ಹೇಳುತ್ತಿದ್ದಾನಂತೆ. ಚಂದ್ರಣ್ಣ ಈಗ ಅಣ್ಣನ ಸಜ್ಜೆಯನ್ನು ಎಲ್ಲರಿಗಿಂತ ಮೊದಲು ಬೀಸುತ್ತಾನೆ. ನಾನೊಬ್ಬಳು ಉಳಿದಿದ್ದೆ. ಒಂದು ದಿನ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, “ಅಣ್ಣ, ನನ್ನ ಆ ಅಡ್ಜಸೆಂಟ್ ಒಂದು ತಿದ್ದಬಾರದಾ?”

“ಆಗಲ್ಲಮ್ಮ” ಅಂದರು. “ಮಧ್ಯೆ ಸಂದಿ ಐತೆ. ನಿನ್ನ ಮೇಲೆ ಎಷ್ಟು ಪ್ರೀತಿ ಇದ್ರೂ ಸುಳ್ಳು ಬರಿಯಕ್ಕಾಗಲ್ಲ.”

ಮರುದಿನ ಬೆಳಗ್ಗೆ ನಾನು ಒಲೆಯ ಮುಂದೆ ಇದ್ದೆ. ಅಣ್ಣನ ಮನೆಯ ಪಶ್ಚಿಮದ ಗೋಡೆಯಲ್ಲಿ ಧಡ್ ಧಡ್ ಅಂತ ಸದ್ದು. ಕಿಟಕಿಯಿಂದ ನೋಡಿದರೆ ಸಂದಿಯ ಆಚೆ ಅಣ್ಣನ ಗೋಡೆಯಿಂದ ಒಂದು ಇಟ್ಟಿಗೆ ಉದುರಿತು, ಮತ್ತೊಂದು ಉದುರಿತು. ತೂತಿನಲ್ಲಿ ಧೂಳು ಮೆತ್ತಿದ ಅಣ್ಣನ ಮುಖ.

“ಅಯ್ಯೋ, ಏನ್ ಮಾಡ್ತಿದೀರಣ್ಣ! ದೊಡ್ಡೀರಪ್ಪನವರು ಮತ್ತೆ ಟೇಪು ಹಿಡ್ಕೊಂಡು ಬರ್ತಾರೆ!”

“ಬರ್ಲಿ ಬಿಡು. ಇದಕ್ಕೂ ಒಂದು ಚಕ್ಕುಬಂದಿ ಟೈಪ್ ಮಾಡಿಕೊಟ್ಟರಾಯ್ತು” ಅಂತ ಅಣ್ಣ ತೂತಿನಿಂದ ಒಂದು ಹಲಗೆಯನ್ನು ನನ್ನ ಕಿಟಕಿಯವರೆಗೆ ಚಾಚಿದರು. ಅದರ ಮೇಲೆ ಒಂದು ತಟ್ಟೆ ಇಟ್ಟು ಮೆಲ್ಲಗೆ ತಳ್ಳಿದರು.

ನಾನು ಈಗಲೂ ಅಡ್ಜಸೆಂಟೇ. ರೊಟ್ಟಿ ಮಾತ್ರ ಬಿಸಿಬಿಸಿಯಾಗಿ ಬರುತ್ತದೆ.